ಕೀಳದೆ ಬಿಟ್ಟ ಗೂಟ

ಪೆರುಂಗುಡಿ,
೫-೧೨-೨೦೨೩, ಮಂಗಳವಾರ ಮಧ್ಯಾಹ್ನ

ಚಿ. ಸೌ. ಸುಮತಿಗೆ ಭೋಜರಾಜ ಮಾಡುವ ಅನೇಕ ಆಶೀರ್ವಾದಗಳು.

ಹಾಗೂ, ಎಲೈ ಪೋರೂರಿನ ಮೂರನೆಯ ಮಹಡಿಯಲ್ಲಿ ನೆರೆದ ಮಹಾಜನಗಳಿರಾ! ಸೋಫಾದ ಮೇಲೆ ಕುಳಿತವರೇ, ನೆಲದ ಮೇಲೆ ಕಾಲು ಚಾಚಿದವರೇ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತವರೇ, ತೊಟ್ಟಿಲಲ್ಲಿ ಮಲಗಿಯೂ ಎಲ್ಲರಿಗಿಂತ ಜೋರಾಗಿ ಗಲಾಟೆ ಮಾಡುವ ಮರಿ ಪ್ರೇಕ್ಷಕನೇ! ಸದ್ದು ಅಡಗಲಿ. ಫ್ಯಾನಿದ್ದರೆ ಸ್ವಲ್ಪ ನಿಧಾನವಾಗಲಿ. ನನ್ನ ಪತ್ರವನ್ನು ಸುಮತಿ ಒಬ್ಬಳೇ ಓದಿಕೊಳ್ಳುವುದಿಲ್ಲವೆಂದು ನನಗೆ ಗೊತ್ತು. ಮಗಳು ನಿಖಿತಾಗೆ ಕನ್ನಡ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಅಳಿಯ ಅಮಿತನಿಗೆ ನನ್ನ ಅಕ್ಷರ ಇರುವೆಗಳ ಮೆರವಣಿಗೆಯಂತೆ ಕಾಣುತ್ತದಂತೆ. ಆದ್ದರಿಂದ ಸುಮತಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದುತ್ತಾಳೆ, ನೀವೆಲ್ಲ ಕೇಳುತ್ತೀರಿ. ಸರಿ, ಪರದೆ ಮೇಲೇರಲಿ.

ಮೊದಲು ಮಂಗಳ, ಆಮೇಲೆ ನಾಟಕ. ಅಕ್ಕ ಸುಖವಾಗಿದ್ದಾಳೆ, ನಾನೂ ಸುಖವಾಗಿದ್ದೇನೆ. ಇಬ್ಬರೂ ನಮ್ಮ ಮೊದಲ ಮಹಡಿಯ ಬಾಡಿಗೆದಾರಳಾದ ನೀರಜಾಳ ಮನೆಯಲ್ಲಿದ್ದೇವೆ. ಇಷ್ಟು ಕೇಳಿದ ಮೇಲೆ ನೀವು ಕಣ್ಣೊರೆಸಿಕೊಂಡು, ಬೇಕಿದ್ದರೆ ಒಂದು ಸುತ್ತು ಕಾಫಿ ಮಾಡಿಕೊಂಡು ಬಂದು ಕೂರಬಹುದು. ಭಾನುವಾರ ಮಧ್ಯಾಹ್ನ ಫೋನಿನಲ್ಲಿ, ಇನ್ನೇನು ಅಕ್ಕನನ್ನು ಕರೆದುಕೊಂಡು ಹೊರಟೆವು ಎಂದು ಹೇಳಿದ ಈ ಗೃಹಸ್ಥ ಆಮೇಲೆ ಎಲ್ಲಿ ಮಾಯವಾದ ಎಂದು ನೀವು ಎರಡು ದಿನ ಅನ್ನ ಬಿಟ್ಟು ಕೂತಿರಬಹುದು. ಆ ಸಂಜೆಯಿಂದಲೇ ಫೋನು ಬರಿಯ ಗಾಜಿನ ಚೂರಾಗಿ ಬಿದ್ದಿದೆ. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ. ನೀರಜಾಳ ಗಂಡ ಗುರುಚರಣ ಇನ್ನೊಂದು ಗಳಿಗೆಗೆ ಸೊಂಟದುದ್ದ ನೀರಿನಲ್ಲಿ ನಡೆದು ವೇಳಚ್ಚೇರಿ ಫ್ಲೈಓವರಿನ ಮೇಲೆ ನಿಲ್ಲಿಸಿರುವ ತನ್ನ ಕಾರನ್ನು ತಲುಪಿ, ಹಾಲು ಮೇಣದಬತ್ತಿ ತರಲು ಪೋರೂರಿನ ತನ್ನ ಅಣ್ಣನ ಮನೆಯ ಕಡೆಗೆ ಬರುತ್ತಾನೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಈ ಪತ್ರವನ್ನು ತಲೆಯ ಮೇಲಿಟ್ಟುಕೊಂಡು ತರುವುದಾಗಿ ಮಾತು ಕೊಟ್ಟಿದ್ದಾನೆ. ಅವನಿಗೆ ಒಂದು ಲೋಟ ಬಿಸಿ ಕಾಫಿ ಕೊಡಿ.

ಸುಮತಿ, ಶನಿವಾರ ನೀನು ಪೋರೂರಿಗೆ ಹೊರಟು ಗೇಟಿನಲ್ಲಿ ನಿಂತಾಗ ನನಗೆ ಹೇಳಿದ್ದು ಎರಡೇ ಮಾತು. ಬಿರುಗಾಳಿ ಬರುವ ಮೊದಲು ಮನೆಯನ್ನು ಮೇಲಕ್ಕೆತ್ತಿಡು, ಅಕ್ಕನನ್ನು ಕೆಳಕ್ಕಿಳಿಸು. ಎರಡನ್ನೂ ಮಾಡಿದ್ದೇನೆ. ಆದರೆ ಒಂದರಷ್ಟು ಸುಲಭವಲ್ಲ ಇನ್ನೊಂದು.

ನಾವಿಬ್ಬರೂ ನಿಖಿತಾಳ ಜೊತೆ ಸೇರಿ ಮಾಡಿದ ಆ ನಿಶ್ಚಯ ನಿನಗೆ ನೆನಪಿದೆ. ಅಕ್ಕನಿಗೆ ಎಂಬತ್ತು ದಾಟಿತು. ದೀಪಾವಳಿಗೆ ತಾರಸಿಯ ಮೆಟ್ಟಿಲಲ್ಲಿ ಜಾರಿದಳು. ದಿನಕ್ಕೆ ಮೂರು ಸಲ ತಟ್ಟೆ ಹಿಡಿದು ಎರಡು ಮಹಡಿ ಹತ್ತಿ ಹತ್ತಿ ನಿನ್ನ ಮೊಣಕಾಲೂ ಹೋಯಿತು. ಆದ್ದರಿಂದ ಈ ಬಿರುಗಾಳಿಯ ನೆಪದಲ್ಲಿ ಅವಳನ್ನು ಒಮ್ಮೆ ಇಳಿಸಿ, ಪೋರೂರಿನಲ್ಲಿ ಲಿಫ್ಟ್ ಇರುವ ಮಗಳ ಮನೆಯಲ್ಲೇ ಇಟ್ಟುಕೊಂಡುಬಿಡುವುದು, ತಾರಸಿಯ ಕೋಣೆಗೆ ಮತ್ತೆ ಕಳಿಸದಿರುವುದು. ಅವಳಿಗೆ ಈಗಲೇ ಹೇಳಬಾರದು. ನಾನು ತಲೆಯಾಡಿಸಿದ್ದೆ. ನ್ಯಾಯವಾದ ಮಾತು, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ತಲೆಯಾಡಿಸುವುದು ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ. ಹೇಳುವುದು ಮೆಟ್ಟಿಲು ಹತ್ತಿ ಮಾಡಬೇಕಾದ ಕೆಲಸ.

ಈಗ ಮೊದಲನೆಯ ಅಂಕ. ಭಾನುವಾರದ ಬೆಳಗು.

ಏನು ಬೆಳಗು ಅದು! ಬೆಳಕು ಹಳದಿಯಾಗಿತ್ತು, ರಂಗದ ಪಕ್ಕದಲ್ಲಿ ಯಾರೋ ಬಣ್ಣದ ಗಾಜು ಹಿಡಿದು ನಿಂತಂತೆ. ಗಾಳಿ ಇರಲಿಲ್ಲ, ಆದರೂ ಗೇಟಿನ ಬಳಿಯ ನುಗ್ಗೆಮರದ ಎಲೆಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ನಮ್ಮ ಬಡಾವಣೆಯ ಹಿಂದಿನ ಜವುಗು ನೆಲದ ಕಡೆಯಿಂದ ಬೆಳ್ಳಕ್ಕಿಗಳು ಸಾಲಾಗಿ ಊರೊಳಗೆ ಬಂದು ಎದುರುಮನೆಯ ತಾರಸಿಯ ಮೇಲೆ ನೆಂಟರಂತೆ ಕುಳಿತವು. ಆ ಮೌನದ ನಡುವೆ ಇಡೀ ಬೀದಿ ಕೆಲಸ ಮಾಡುತ್ತಿತ್ತು. ಕೆಲವರು ಮರಳಿನ ಚೀಲಗಳನ್ನು ಬಾಗಿಲಿಗೆ ಅಡ್ಡ ಇಟ್ಟರು. ಕೆಲವರು ಕಿಟಕಿಯ ಗಾಜಿಗೆ ಟೇಪು ಅಂಟಿಸಿದರು. ನಾನು ನುಗ್ಗೆಯ ಕೊಂಬೆ ಕಡಿದೆ, ನೀರಿನ ಟ್ಯಾಂಕಿನ ಮುಚ್ಚಳವನ್ನು ಹಗ್ಗದಿಂದ ಬಿಗಿದೆ, ಡ್ರಮ್ಮು, ಕೊಳಗ, ಬಕೆಟ್ಟು, ಕೊನೆಗೆ ನಿನ್ನ ಇಡ್ಲಿ ಪಾತ್ರೆಯನ್ನೂ ಬಿಡದೆ ನೀರು ತುಂಬಿಸಿದೆ. ಮೋಟರಿಗೆ ಟಾರ್ಪಾಲು ಸುತ್ತಿದೆ. ಗುರುಚರಣನೂ ನಾನೂ ಸೇರಿ ಫ್ರಿಜ್ಜನ್ನು ಎತ್ತಿ ದಿವಾನದ ಮೇಲೆ ಪಟ್ಟಾಭಿಷೇಕ ಮಾಡಿದೆವು. ಅಕ್ಕಿ, ಬೇಳೆ, ನಿನ್ನ ಸೀರೆಗಳ ಪೆಟ್ಟಿಗೆ, ನಿಖಿತಾಳ ಮದುವೆಯ ಆಲ್ಬಮ್ಮು, ದೇವರ ಮಂಟಪ, ಎಲ್ಲವೂ ನೀರಜಾಳ ಮನೆಗೆ ಹತ್ತಿದವು. ನೀರಜಾ ಬ್ಯಾಂಕಿನ ಮ್ಯಾನೇಜರಮ್ಮ. ಅವಳ ಅಜ್ಜನ ಅಜ್ಜ ಮದರಾಸಿಗೆ ಬಂದವರು, ಆದ್ದರಿಂದ ಅವಳ ಕನ್ನಡಕ್ಕೆ ತಮಿಳಿನ ಒಗ್ಗರಣೆ, ಚಿಂತೆಗೆ ಕವಲೆ ಅನ್ನುತ್ತಾಳೆ. ಬಾಗಿಲನ್ನು ಅಗಲವಾಗಿ ತೆರೆದು, "ಕವಲೆಪಡಬೇಡಿ ಮಾಮಾ, ಒಂದೊಂದಾ ಕೊಡಿ, ಎಲ್ಲಾ ಹಿಡಿಯತ್ತೆ" ಎಂದು ಹೇಳುತ್ತ ತನ್ನ ಮನೆಯಲ್ಲಿ ತನಗೇ ನಿಲ್ಲಲು ಜಾಗವಿಲ್ಲದಂತೆ ಮಾಡಿಕೊಂಡಳು.

ಇನ್ನು ಕಾರುಗಳು. ಬಿರುಗಾಳಿಯ ಸುದ್ದಿ ಬಂದರೆ ನಮ್ಮ ಬೀದಿಯ ಕಾರುಗಳೆಲ್ಲ ಹೇಗೆ ಫ್ಲೈಓವರಿಗೆ ಓಡುತ್ತವೆ ಎಂಬುದನ್ನು ನೀನು ನೋಡಿದ್ದೀಯ. ಈ ಸಲವೂ ಹಾಗೆಯೇ. ಸೇತುವೆಯ ಎರಡೂ ಅಂಚಿಗೆ ಕಾರುಗಳು ಮೂತಿಗೆ ಬಾಲ ತಾಗಿಸಿ ನಿಂತಿದ್ದವಂತೆ, ಅಪ್ಪನ ನಾಟಕ ಕಂಪನಿಯ ಎತ್ತಿನ ಗಾಡಿಗಳು ಮುಂದಿನ ಊರಿನ ಹೊಳೆ ಇಳಿಯಲೆಂದು ಕಾದು ನಿಂತ ಹಾಗೆ. ಗುರುಚರಣ ತನ್ನದನ್ನು ನಿಲ್ಲಿಸಿ ಬಂದ. ಅವನ ಉತ್ಸಾಹದ ಭರದಲ್ಲಿ ನಮ್ಮ ಕಾರೂ ಅಲ್ಲಿಗೇ ಹೋಗಿ ನಿಂತುಬಿಟ್ಟಿತು. ಹಿಂದೊಂದು, ಮುಂದೊಂದು, ಪಕ್ಕದಲ್ಲೊಂದು ವ್ಯಾನು. ಹೊರಗೆ ತೆಗೆಯುವಂತಿರಲಿಲ್ಲ. ಬಾಡಿಗೆ ಕಾರಿನವರು ಬರಲೊಲ್ಲೆವೆಂದರು, ಆಟೋದವರು ನಕ್ಕರು. ಪೋರೂರಿಗೆ ಬರುವುದು ಅಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು ಅಕ್ಕನನ್ನು ಮೊದಲ ಮಹಡಿಗಾದರೂ ಇಳಿಸುವುದು. ಅವಳ ಕೋಣೆಯ ತಲೆಯ ಮೇಲೆ ಇರುವುದು ಸಿಮೆಂಟ್ ಶೀಟು. ಗಾಳಿ ಎದ್ದರೆ ಅದು ಹಪ್ಪಳ.

ಅಳಿಯಂದಿರಿಗಾಗಿ ಒಂದು ಮಾತು ಹೇಳಬೇಕು. ಪ್ರೇಮಮ್ಮ ಎಂಬ ನನ್ನ ಅಕ್ಕ ಬರಿಯ ಅಕ್ಕನಲ್ಲ. ಗದಗಿನ ಕಡೆ ನಮ್ಮ ಅಪ್ಪನ ನಾಟಕ ಕಂಪನಿ ತಂಬು ಹೊಡೆದರೆ ಸುತ್ತಲ ಹಳ್ಳಿಗಳು ಖಾಲಿಯಾಗುತ್ತಿದ್ದುದು ಅವಳ ಧ್ವನಿಗೆ. ಅವ್ವ ಬೇಗ ಹೋದಳು. ನನ್ನನ್ನು ಬೆಳೆಸಿದವಳು ಅಕ್ಕ. ರಂಗದ ಮೇಲೆ ರಾಣಿಯಾಗಿ ಅತ್ತು ಮುಗಿಸಿ ಪಕ್ಕಕ್ಕೆ ಬಂದು ನನಗೆ ತುತ್ತು ಕೊಟ್ಟು, ಬಾಯೊರೆಸಿ, ಮತ್ತೆ ಮುಂದಿನ ಪ್ರವೇಶಕ್ಕೆ ಓಡುತ್ತಿದ್ದಳು. ನನಗೆ ಅನ್ನದ ರುಚಿ ಅಂದರೆ ಇವತ್ತಿಗೂ ಸ್ವಲ್ಪ ಮುಖದ ಬಣ್ಣದ ವಾಸನೆ. ಕಂಪನಿ ನಿಂತ ಮೇಲೆ ನಾನು ರೈಲ್ವೆ ಸೇರಿದೆ, ಅವಳು ನನ್ನ ಜೊತೆ ಇಲ್ಲಿಗೆ ಬಂದಳು. ತಂಬಿನಲ್ಲಿ ಬಾಳಿದವಳಿಗೆ ಕೆಳಗಿನ ಕೋಣೆಗಳು ಪೆಟ್ಟಿಗೆಯಂತೆ ಕಂಡವು. ತಾರಸಿಯ ಮೇಲೆ ಆ ಒಂಟಿ ಕೋಣೆ ಕಟ್ಟಿಸಿದಾಗ ಅದರ ಗೋಡೆಗೆ ಕಂಪನಿಯ ಸಮುದ್ರದ ಪರದೆಯನ್ನು ತೂಗುಹಾಕಿದಳು. ಅಪ್ಪನ ಕಂಪನಿಯಲ್ಲಿ ಉಳಿದದ್ದು ಅದೊಂದು ಪರದೆ, ಒಂದು ಹಿತ್ತಾಳೆಯ ಗಂಟೆ, ತಂಬಿನದೊಂದು ಕಬ್ಬಿಣದ ಗೂಟ. ಗೂಟವನ್ನು ತಾರಸಿಯ ಮೋಟುಗೋಡೆಯಲ್ಲಿ ಹುಗಿಸಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಿಕೊಂಡಳು.

ಎರಡನೆಯ ಅಂಕ. ಮಧ್ಯಾಹ್ನದ ಹೊತ್ತಿಗೆ ಹನಿ ಶುರುವಾಗಿತ್ತು. ನಾನು ಮೇಲೆ ಹೋದೆ. ಅಕ್ಕ ಮಂಚದ ಮೇಲೆ ಕುಳಿತು ಸಮುದ್ರವನ್ನು ನೋಡುತ್ತಿದ್ದಳು, ಬಟ್ಟೆಯ ಸಮುದ್ರವನ್ನು. ಮೊದಲು ಮಂತ್ರಿಯಂತೆ ನೀತಿ ಹೇಳಿದೆ. ಆಮೇಲೆ ರಾಜನಂತೆ ಗದರಿದೆ. ಕೊನೆಗೆ ವಿದೂಷಕನಂತೆ ಕುಣಿದೆ ಕೂಡ. ಅವಳು ಮೂರನ್ನೂ ಶ್ರದ್ಧೆಯಿಂದ ನೋಡಿದಳು. ರಾಜನ ಪಾತ್ರದಲ್ಲಿ ನನ್ನ ಉಸಿರು ಅರ್ಧಕ್ಕೇ ನಿಲ್ಲುತ್ತದೆ ಎಂದು ತಿದ್ದಿದಳು. ನಾನು ಬೆವತು ಕುಳಿತ ಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಭೋಜಾ, ಇಳದ ಮ್ಯಾಲೆ ಮತ್ತ ಹತ್ತಸ್ತಿಯೇನು?"

ನನ್ನ ಗಂಟಲು ನಿಮಗೆಲ್ಲ ಗೊತ್ತು. ಮೈಕಿಲ್ಲದೆ ಒಂದು ಮೈದಾನ ತುಂಬುವ ಗಂಟಲು. ಅಲ್ಲಿ ಅದರಿಂದ ಹೊರಟಿದ್ದು ಬರಿಯ ಒಂದು ಕೆಮ್ಮು. ಹತ್ತಿಸುತ್ತೇನೆ ಅಂದರೆ ನಿಮಗೆ ಕೊಟ್ಟ ಮಾತು ಹೋಗುತ್ತದೆ, ಹತ್ತಿಸುವುದಿಲ್ಲ ಅಂದರೆ ಅವಳು ಇಳಿಯುವುದಿಲ್ಲ. ಗಾಳಿ ಎದ್ದಿತೆಂದು ನೆಪ ಹೇಳಿ ಎದ್ದು ಬಂದೆ. ಅವಳು ನನ್ನ ಬೆನ್ನನ್ನೇ ನೋಡುತ್ತಿದ್ದುದು ನನಗೆ ಬೆನ್ನಿನಿಂದಲೇ ತಿಳಿಯಿತು.

ಮೆಟ್ಟಿಲಿಳಿದು ಬಂದವನಿಗೆ ನೀರಜಾಳ ಮನೆಯ ಸಾಮಾನುಗಳ ನಡುವೆ ಹಿತ್ತಾಳೆಯ ಗಂಟೆ ಕಂಡಿತು. ಅದನ್ನು ಕೈಗೆತ್ತಿಕೊಂಡ ಗಳಿಗೆಯಲ್ಲಿ ನಾನು ಗದಗಿನ ಬಯಲಿನಲ್ಲಿ ಅಪ್ಪನ ಧೋತರದ ಹಿಂದೆ ನಿಂತಿದ್ದೆ.

ನಮ್ಮ ಕಂಪನಿಯಲ್ಲಿ ಕ್ಯಾಂಪು ಬದಲಿಸುವ ದಿನಕ್ಕೆ ಒಂದು ಪದ್ಧತಿಯಿತ್ತು. ಮಾಲೀಕ ಗಂಟೆ ಹೊಡೆದನೆಂದರೆ ಯಾರೂ ಯಾಕೆ ಎಂದು ಕೇಳುವಂತಿಲ್ಲ. ಕುದಿಯುವ ಅನ್ನವನ್ನು ಹಾಗೆಯೇ ಇಳಿಸಬೇಕು, ಅರ್ಧ ಬಳಿದ ಬಣ್ಣವನ್ನು ಹಾಗೆಯೇ ಒರೆಸಬೇಕು. ಮೊದಲು ಸುತ್ತಬೇಕಾದ್ದು ಪರದೆ, ಕೊನೆಗೆ ಸುತ್ತಬೇಕಾದ್ದು ತಮ್ಮ ಹಾಸಿಗೆ. ಎಲ್ಲ ಗಾಡಿಗೇರಿದ ಮೇಲೆ ಊರಿಗೆ ಮುಖ ಮಾಡಿ ಮಂಗಳ ಹಾಡಬೇಕು. ತಂಬಿನ ಗೂಟಗಳನ್ನು ಒಂದೊಂದಾಗಿ ಕೀಳಬೇಕು, ಆದರೆ ಒಂದನ್ನು ಮಾತ್ರ ಕೀಳದೆ ನೆಲದಲ್ಲೇ ಬಿಟ್ಟು ಹೋಗಬೇಕು. ಗೂಟ ಬಿಟ್ಟ ಊರಿಗೆ ಕಂಪನಿ ಮತ್ತೆ ಬರುತ್ತದೆ ಎಂದು ಅರ್ಥ. ಆ ಗೂಟವನ್ನು ಊರ ಹುಡುಗರೂ ಮುಟ್ಟುತ್ತಿರಲಿಲ್ಲ.

ಗಂಟೆ ಹಿಡಿದು ತಾರಸಿಯ ಮೆಟ್ಟಿಲ ಬುಡದಲ್ಲಿ ನಿಂತೆ. ಬಾರಿಸಿದೆ. ಎದೆಯ ಆಳದಿಂದ ಅಪ್ಪನ ಧ್ವನಿ ತೆಗೆದು ಕ್ಯಾಂಪು ಎದ್ದಿತು, ಕ್ಯಾಂಪು ಎದ್ದಿತು ಎಂದು ಕೂಗಿದೆ. ಪಕ್ಕದ ಮನೆಯವರು ಇನ್ನೊಂದು ಎಚ್ಚರಿಕೆ ಬಂತೆಂದು ತಿಳಿದು ಕಿಟಕಿ ಮುಚ್ಚಿಕೊಂಡರು. ಗುರುಚರಣ ಹೊರಗೋಡಿ ಬಂದ. ನಾನು ಕಣ್ಣಿನಲ್ಲೇ ಸುಮ್ಮನಿರಲು ಹೇಳಿದೆ.

ಮೇಲಿನಿಂದ ಸದ್ದಿಲ್ಲ. ಮಳೆಯ ಸದ್ದು ಮಾತ್ರ. ನನ್ನ ಆಟ ಸೋತಿತೆಂದು ಗಂಟೆಯ ನಾಲಿಗೆಯನ್ನು ಹಿಡಿದುಕೊಂಡೆ. ಆಗ ಮೇಲೆ ಟ್ರಂಕು ಎಳೆಯುವ ಶಬ್ದ ಕೇಳಿತು.

ನಾವು ಓಡಿ ಹೋಗುವಷ್ಟರಲ್ಲಿ ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು, ತುರುಬು ಕಟ್ಟಿ, ಕೋಣೆಯ ನಡುವೆ ನಿಂತಿದ್ದಳು. ಕೋಲು ಮೂಲೆಯಲ್ಲಿತ್ತು. ನಮ್ಮಿಬ್ಬರನ್ನೂ ಕೂಲಿಗಳಂತೆ ನೋಡಿ, ಮೊದಲು ಪರದೆ ಅಂದಳು. ಪರದೆ ಇಳಿಸಿ ಬಿದಿರಿಗೆ ಸುತ್ತಿದೆವು. ಸಡಿಲವಾಯಿತೆಂದು ಬಿಚ್ಚಿಸಿ ಮತ್ತೆ ಸುತ್ತಿಸಿದಳು. ವಿಮಾ ಕಚೇರಿಯಲ್ಲಿ ಇಪ್ಪತ್ತು ಜನರ ಮೇಲೆ ಅಧಿಕಾರ ನಡೆಸುವ ಗುರುಚರಣ ಆ ಮುದುಕಿಯ ಕೈಯಲ್ಲಿ ಬೈಸಿಕೊಂಡು ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿತ. ಆಮೇಲೆ ಟ್ರಂಕು, ಆಮೇಲೆ ಔಷಧಿಯ ಡಬ್ಬಿ, ಕೊನೆಗೆ ಹಾಸಿಗೆ.

ಹೊರಗೆ ಬಂದಾಗ ಗಾಳಿ ಬಟ್ಟೆಯ ಹಗ್ಗವನ್ನು ವೀಣೆಯ ತಂತಿಯಂತೆ ಮೀಟುತ್ತಿತ್ತು. ಗೂಟ ಸಡಿಲವಾಗಿ ಹಾರಿ ಯಾರದಾದರೂ ಕಿಟಕಿಗೆ ಬಡಿದರೆ ಕಷ್ಟವೆಂದು ನಾನು ಅದನ್ನು ಕೀಳಲು ಕೈ ಹಾಕಿದೆ. ಸುಮತಿ, ನಾನು ಕಂಪನಿಯಲ್ಲಿ ಹುಟ್ಟಿ ಬೆಳೆದವನು. ಗಂಟೆ ನೆನಪಾಯಿತು, ಕೂಗು ನೆನಪಾಯಿತು, ಗೂಟದ ನಿಯಮ ಮಾತ್ರ ಆ ಗಡಿಬಿಡಿಯಲ್ಲಿ ಕೈಗೆ ನೆನಪಾಗಲಿಲ್ಲ. ಅಕ್ಕ ಮಳೆಯಲ್ಲಿ ನಿಂತು, ಕೋಲಿನ ತುದಿಯನ್ನು ನನ್ನ ಮುಂಗೈ ಮೇಲಿಟ್ಟಳು.

"ಅದನ್ನ ಕೀಳಬ್ಯಾಡ. ಅದು ಇರಲಿ."

ನಾನು ಕೈ ತೆಗೆದೆ. ಏನು ಮಾಡುತ್ತಿದ್ದೇನೆಂದು ತಿಳಿದೇ ಕೈ ತೆಗೆದೆ. ಆಡಿದ ಮಾತನ್ನು ನಾಳೆ ಅಲ್ಲಗಳೆಯಬಹುದು, ಬಿಟ್ಟ ಗೂಟವನ್ನು ಅಲ್ಲಗಳೆಯುವಂತಿಲ್ಲ.

ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು. ಮಂಗಳವಾಗದೆ ಗಾಡಿ ಹೊರಡುವುದಿಲ್ಲವೆಂದಳು. ಹಾಡಿದಳು. ಆ ಧ್ವನಿಯನ್ನು ಕೇಳಿ ಎಷ್ಟೋ ವರ್ಷವಾಗಿತ್ತು. ಅಲ್ಲಲ್ಲಿ ಹರಿದಿತ್ತು, ಮೇಲಿನ ಸ್ವರಕ್ಕೆ ಹೋಗದೆ ಪಕ್ಕದ ದಾರಿ ಹಿಡಿಯಿತು, ಆದರೂ ಗಾಳಿ ಒಂದು ಕ್ಷಣ ಕೆಳಗಿಳಿದು ಅದಕ್ಕೆ ಶ್ರುತಿ ಹಿಡಿದಂತೆ ಅನ್ನಿಸಿತು. ನೀರಜಾ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದಳು. ನಾವು ಮೂವರೂ ಒದ್ದೆ ಬಟ್ಟೆಯಲ್ಲಿ, ಗಾಡಿಗಾಗಿ ಕಾದ ನಟರಂತೆ, ಆ ಹಾಡು ಮುಗಿಯುವವರೆಗೆ ಅಲುಗಲಿಲ್ಲ.

ಮೂರನೆಯ ಅಂಕ ಸೋಮವಾರದ್ದು. ಅದನ್ನು ನೀವೂ ಪೋರೂರಿನಲ್ಲಿ ಕಂಡಿರುತ್ತೀರಿ, ಆದರೆ ನಮ್ಮ ಕಡೆಯ ಪ್ರಯೋಗವೇ ಬೇರೆ. ಹಗಲು ಎನ್ನುವುದು ಬರಲೇ ಇಲ್ಲ. ಬೂದಿಬಣ್ಣದ ನಸುಕೊಂದು ದಿನವಿಡೀ ಕಿಟಕಿಗೆ ಮುಖವೊತ್ತಿ ನಿಂತಿತ್ತು. ಜವುಗು ತನ್ನ ಹಳೆಯ ಮನೆಗಳನ್ನು ನೋಡಿಕೊಂಡು ಬರಲು ಹೊರಟಂತೆ ನೀರು ಬೀದಿಗೆ ಬಂತು, ಗೇಟಿಗೆ ಬಂತು, ಮರಳಿನ ಚೀಲಗಳನ್ನು ದಾಟಿ ನಮ್ಮ ನಡುಮನೆಗೆ ಬಂತು. ಮೆಟ್ಟಿಲ ಮೇಲೆ ಕುಳಿತು ನೋಡಿದೆ. ನಿನ್ನ ನೀಲಿ ಪ್ಲಾಸ್ಟಿಕ್ ಸ್ಟೂಲು, ನನ್ನ ಒಂಟಿ ಚಪ್ಪಲಿ, ಬಾಗಿಲ ತೋರಣ, ಎಲ್ಲ ಮೆಲ್ಲಗೆ ಸುತ್ತುತ್ತ ಒಂದನ್ನೊಂದು ಮಾತನಾಡಿಸುತ್ತಿದ್ದವು. ಫ್ರಿಜ್ಜು ದಿವಾನದ ಮೇಲೆ ಬಿಳಿಯ ಅರಸನಂತೆ ಕುಳಿತು ಪ್ರಜೆಗಳ ಜಲಕ್ರೀಡೆ ನೋಡುತ್ತಿತ್ತು. ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಯಾರದೋ ಮನೆಯನ್ನು ನಿದ್ದೆಯಲ್ಲಿ ನೋಡುತ್ತಿದ್ದೇನೆ ಅನ್ನಿಸಿತು.

ಮೇಲೆ ನೀರಜಾ ಅವಲಕ್ಕಿ ಒಗ್ಗರಣೆ ಹಾಕಿದಳು. ಪರದೆ ಸ್ವಲ್ಪ ನೆಂದಿತ್ತೆಂದು ಅವಳ ಹಾಲಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ ಹರಡಿದೆವು. ಮೇಣದಬತ್ತಿಯ ಬೆಳಕಿನಲ್ಲಿ, ಕಿಟಕಿಯ ಸಂದಿನಿಂದ ಬಂದ ಗಾಳಿಗೆ ಆ ಬಟ್ಟೆಯ ಅಲೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಕೆಳಗೆ ನಿಜವಾದ ನೀರು, ಮೇಲೆ ಬಣ್ಣದ ನೀರು, ನಡುವೆ ನಾವು ನಾಲ್ಕು ಜನ ತಟ್ಟೆ ಹಿಡಿದುಕೊಂಡು ತೇಲುತ್ತಿದ್ದೆವು. ಅಕ್ಕ ಆ ಪರದೆಯ ಮುಂದೆ ತಾನು ಮಾಡಿದ ರಾಣಿಯರ ಕಥೆ ಹೇಳಿದಳು. ಎಲ್ಲ ರಾಣಿಯರೂ ಕೊನೆಗೆ ಸಮುದ್ರದ ಕಡೆಗೆ ನಡೆದು ಹೋಗುತ್ತಾರಂತೆ, ಪರದೆಯ ಹಿಂದೆ ಹೋದ ಕೂಡಲೇ ಅವರಿಗೆ ಹಸಿವಾಗುತ್ತದಂತೆ.

ಮಧ್ಯಾಹ್ನದ ಊಟದ ಹೊತ್ತಿಗೆ ಮೇಲಿನಿಂದ ದೊಡ್ಡ ತಾಳ ಬಡಿದಂತಾಯಿತು. ಒಂದು, ಮತ್ತೆ ಒಂದು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಶೀಟುಗಳು ಎದ್ದು ಹೋದವು. ನೀರಜಾ ಕೈಯಲ್ಲಿದ್ದ ಸೌಟನ್ನು ಬಿಟ್ಟಳು. ಗುರುಚರಣ ದೇವರ ಮಂಟಪದ ಕಡೆ ನೋಡಿದ. ಅಕ್ಕ ಮಾತ್ರ ಕಿವಿಗೊಟ್ಟು, ಹಳೆಯ ಗುರುತಿನವರು ಬಂದು ಹೋದಂತೆ ತಲೆಯಾಡಿಸಿದಳು. ತಂಬು ಹೋತು ಎಂದು ಮೆಲ್ಲಗೆ ಹೇಳಿ, ಬಿದ್ದ ಸೌಟನ್ನು ತೊಳೆದು ಬಡಿಸಲು ಹೇಳಿದಳು.

ಇವತ್ತು ಬೆಳಿಗ್ಗೆ ಸೂರ್ಯ ಬಂದ. ಏನೂ ನಡೆದೇ ಇಲ್ಲವೆಂಬಂತೆ, ಮುಖ ತೊಳೆದು, ತಿಳಿಯಾಗಿ ಬಂದ. ನಾನು ಮೇಲೆ ಹತ್ತಿದೆ. ಕೋಣೆಯ ನಾಲ್ಕು ಗೋಡೆ ನಿಂತಿವೆ. ಮೇಲೆ ಆಕಾಶ. ಮಂಚದ ಮೇಲೆ ಅರ್ಧ ಶೀಟು, ಒಂದು ತೆಂಗಿನ ಗರಿ, ಎಲ್ಲಿಂದಲೋ ಬಂದ ಮಕ್ಕಳ ಛತ್ರಿ. ನಮ್ಮ ಬೀದಿ ಕಾಣೆಯಾಗಿತ್ತು. ದೂರದ ಕಚೇರಿಗಳ ಗಾಜಿನ ಗೋಡೆಗಳವರೆಗೂ ಹೊಳೆಯುವ ನೀರು, ಅದರ ಮೇಲೆ ಮೋಡಗಳ ನೆರಳು. ಮೋಟುಗೋಡೆಯ ಮೂಲೆಯಲ್ಲಿ ಗೂಟ ನಿಂತಿತ್ತು. ಹಗ್ಗದ ಒಂದು ತುಂಡು ಅದಕ್ಕೆ ಇನ್ನೂ ಅಂಟಿಕೊಂಡಿತ್ತು. ನಾನು ಕುಳಿತು ಅದನ್ನು ಅಲುಗಿಸಿ ನೋಡಿದೆ. ಅಲುಗಲಿಲ್ಲ.

ಕೆಳಗೆ ಬಂದಾಗ ಅಕ್ಕ ಹಲ್ಲುಜ್ಜಿ ಕಿಟಕಿಯ ಬಳಿ ಬಿಸಿಲಿಗೆ ಕಾಲು ಚಾಚಿದ್ದಳು. ಕೋಣೆ ಹೋಯಿತೇ ಎಂದು ಕೇಳಲಿಲ್ಲ. ಮಂಚದ ವಿಷಯ ಕೇಳಲಿಲ್ಲ.

"ಗೂಟ ಐತಿ?"

"ಐತಿ, ಅಕ್ಕಾ."

ಅಷ್ಟೇ. ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂದು ನೀರಜಾಳಿಗೆ ಹೇಳಿದಳು.

ಸುಮತಿ, ಈಗ ನಿನ್ನನ್ನು ಸಭೆಯ ಮುಂದೆಯೇ ಕೇಳುತ್ತೇನೆ. ನಾವು ಮಾಡಿದ ನಿಶ್ಚಯವನ್ನು ನಾನು ಅವಳಿಗೆ ಹೇಳಲಿಲ್ಲ, ಹೇಳಲಾರೆ, ಇನ್ನು ನಡೆಸಲೂ ಆರೆ. ಆ ಕೋಣೆಗೆ ಈ ಸಲ ಶೀಟು ಬೇಡ, ಕಾಂಕ್ರೀಟಿನ ಸೂರು ಹಾಕಿಸೋಣ. ಮೆಟ್ಟಿಲಿಗೆ ಎರಡೂ ಕಡೆ ಕಂಬಿ ಹಾಕಿಸೋಣ. ಅವಳ ತಟ್ಟೆಯನ್ನು ಇನ್ನು ನೀನು ಹೊರಬೇಡ. ಮೂರು ಹೊತ್ತೂ ನಾನು ಹೊರುತ್ತೇನೆ. ನನಗೆ ತುತ್ತು ಕೊಟ್ಟು ಪ್ರವೇಶಕ್ಕೆ ಓಡಿದವಳಿಗೆ ನಾನು ಎರಡು ಮಹಡಿ ಹತ್ತಲಾರೆನೇ? ಮಳೆಗಾಲದ ಎಚ್ಚರಿಕೆ ಬಂದಾಗಲೆಲ್ಲ ಗಂಟೆ ಹೊಡೆಯುತ್ತೇನೆ, ಅವಳು ಇಳಿಯುತ್ತಾಳೆ. ಬಿಸಿಲು ಬಂದಾಗ ಹತ್ತುತ್ತಾಳೆ. ನಿನಗೆ ಒಪ್ಪಿಗೆಯಾಗದಿದ್ದರೆ ಬಂದು ಜಗಳವಾಡು. ಫೋನಿನಲ್ಲಿ ಬೇಡ, ಎದುರು ನಿಂತು. ನಿನ್ನ ಪಾತ್ರವಿಲ್ಲದೆ ಇಲ್ಲಿ ಯಾವ ಅಂಕವೂ ಮುಗಿಯುವುದಿಲ್ಲ.

ನಿಖಿತಾ, ಅತ್ತೆ ನಿನ್ನ ಮಗನಿಗೆ ಒಂದು ಜೋಗುಳ ಕಲಿಸಬೇಕೆಂದಿದ್ದಾಳೆ. ತಮಿಳಿನಲ್ಲಿ ಅತ್ತರೂ ಕನ್ನಡದಲ್ಲಿ ಮಲಗಲಿ ಎಂದು ಅವಳ ಅಪ್ಪಣೆ. ಅಳಿಯಂದಿರಿಗೆ ನಮಸ್ಕಾರ, ಮಗು ಸಾಯಿಗೆ ಮುತ್ತು. ಮಹಾಜನಗಳೇ, ನೀವಿನ್ನು ಏಳಬಹುದು. ಮುಂದಿನದು ಸುಮತಿಗೆ ಮಾತ್ರ.

ನಿನ್ನ,
ಭೋಜರಾಜ

ತಾ. ಕ.: ಸುಮತಿ, ಇದನ್ನು ಗಟ್ಟಿಯಾಗಿ ಓದಬೇಡ. ಅಡುಗೆಮನೆಗೆ ಹೋಗಿ ಓದಿಕೋ.

ಕಾಫಿ ಕೊಡುವಾಗ ನೀನು ಗುರುಚರಣನನ್ನು ಕಾರಿನ ವಿಷಯ ಕೇಳಿಯೇ ಕೇಳುತ್ತೀಯ. ಅವನಿಗೆ ಸುಳ್ಳು ಹೇಳಲು ಬಾರದು. ಅದಕ್ಕೆ ಮೊದಲೇ ನಾನು ಹೇಳಿಬಿಡುತ್ತೇನೆ. ನಮ್ಮ ಕಾರು ಅವನ ಉತ್ಸಾಹದಿಂದ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅವನು ತನ್ನ ಕಾರನ್ನು ನಿಲ್ಲಿಸಿ ಬಂದ ಮೇಲೆ ನಾನೇ ಗೇಟಿಗೆ ಹೋಗಿ ಕೀಲಿಯನ್ನು ಅವನ ಕೈಗಿಟ್ಟು, ಇದನ್ನೂ ಒಯ್ದು ನಿಲ್ಲಿಸು, ಸಾಧ್ಯವಾದರೆ ನಡುವೆ ಸಿಕ್ಕಿಸಿ ನಿಲ್ಲಿಸು ಎಂದು ಬೇಡಿಕೊಂಡೆ. ಮಧ್ಯಾಹ್ನ ಫೋನಿನಲ್ಲಿ ಇನ್ನೇನು ಹೊರಟೆವು ಎಂದು ನಿನಗೆ ಹೇಳುವಾಗ ಕಾರು ಆಗಲೇ ಸೇತುವೆಯ ಮೇಲಿತ್ತು. ಅವಳು ಒಮ್ಮೆ ಪೋರೂರಿಗೆ ಬಂದರೆ ನೀವೆಲ್ಲ ಪ್ರೀತಿಯಿಂದಲೇ ಅವಳನ್ನು ಇಟ್ಟುಕೊಂಡುಬಿಡುತ್ತೀರಿ, ಆಗ ನನ್ನಿಂದ ಬಾಯಿ ತೆರೆಯಲು ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಬೈಯುವುದಿದ್ದರೆ ಬೈದುಕೋ. ಎರಡು ದಿನ ನಿನ್ನ ಹೊಟ್ಟೆ ಉರಿಸಿದ್ದಕ್ಕೆ ಬೈಗುಳ ಕಡಿಮೆಯೇ.

ಇನ್ನೊಂದಿದೆ. ಗಂಟೆಯ ಆಟದಿಂದ ಅಕ್ಕನನ್ನು ಇಳಿಸಿದೆನೆಂದು ನಾನು ನಿನ್ನೆಯವರೆಗೂ ಬೀಗುತ್ತಿದ್ದೆ. ಶೀಟು ಹಾರಿಹೋದ ಮೇಲೆ, ನೀರಜಾ ಒಳಗೆ ಹೋದಾಗ, ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, "ನೀ ಕೀಲಿ ಕೊಡೋದನ್ನ ಮ್ಯಾಲಿಂದ ನೋಡೀನಿ. ಇಲ್ಲಂದ್ರ ನಿನ್ನ ಗಂಟಿಗೆ ನಾ ಇಳೀತಿದ್ನೇನೋ, ಹುಚ್ಚಾ?" ಎಂದಳು. ಕ್ಯಾಂಪೂ ಇಲ್ಲ, ಗಾಡಿಯೂ ಇಲ್ಲವೆಂದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಪೋರೂರಿನಲ್ಲೇ ಇಟ್ಟುಕೊಳ್ಳುವ ನಮ್ಮ ನಿಶ್ಚಯವನ್ನೂ ಅವಳು ಆಗಲೇ ಊಹಿಸಿದ್ದಳು. ನಾನು ಅವಳ ಕಡೆಯವನು ಎಂಬುದೊಂದು ಗೊತ್ತಾಗಬೇಕಿತ್ತು, ಗೊತ್ತಾಯಿತು, ಇಳಿದಳು.

ನಾಳೆ ಬೆಳಿಗ್ಗೆ, ಬಿಸಿಲು ಮೋಟುಗೋಡೆ ದಾಟುವ ಮೊದಲು, ಗುರುಚರಣನೂ ನಾನೂ ಅಕ್ಕನನ್ನು ಕುರ್ಚಿಯ ಸಮೇತ ಎತ್ತಿಕೊಂಡು ತಾರಸಿಗೆ ಹತ್ತುತ್ತೇವೆ. ಸಮುದ್ರದ ಪರದೆಯ ಒಂದು ತುದಿಯನ್ನು ಆ ಗೂಟಕ್ಕೆ, ಇನ್ನೊಂದನ್ನು ಸೂರಿಲ್ಲದ ಕೋಣೆಯ ಗೋಡೆಗೆ ಕಟ್ಟಿ ಅವಳಿಗೆ ನೆರಳು ಮಾಡುತ್ತೇನೆ. ಆಮೇಲೆ ಮೊದಲ ಗಂಟೆ ಹೊಡೆಯುತ್ತೇನೆ, ಕ್ಯಾಂಪು ಎತ್ತುವ ಗಂಟೆಯಲ್ಲ, ಆಟ ಶುರುವಾಗುವ ಗಂಟೆ. ಅವಳ ಪಕ್ಕದಲ್ಲಿ ನಿನ್ನ ನೀಲಿ ಸ್ಟೂಲನ್ನು ತೊಳೆದು ಹಾಕಿರುತ್ತೇನೆ.